ತಪ್ಪನ್ನು ಅಳೆಯುವ ವಿದ್ಯೆ



ಜಿಐಎಸ್, ದೂರಸಂವೇದಿ, ಡ್ರೋನ್ ಸರ್ವೆ, ಉಪಗ್ರಹಗಳ ನೆರವಿನ ಸ್ಥಾನನಿರ್ಣಯ, ಇವೆಲ್ಲವನ್ನೂ ಒಟ್ಟು ಸೇರಿಸಿ ಈಗ ಜಿಯೋಸ್ಪೇಷಿಯಲ್ ತಂತ್ರಜ್ಞಾನ ಎನ್ನುತ್ತಾರೆ. ಇದನ್ನು ಹೇಗೆ ಕಲಿಸಬೇಕು ಎಂಬುದು ಇವತ್ತಿನ ವಿಷಯ. ನನಗೆ ಹೇಳಲಿಕ್ಕಿರುವುದು ಮುಖ್ಯವಾಗಿ ಒಂದೇ ಮಾತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಕ್ಷೆ ತಯಾರಿಸಲು ಬಲ್ಲವರು ಇವತ್ತು ಬಹಳ ಮಂದಿ ಇದ್ದಾರೆ. ತಾವು ತಯಾರಿಸಿದ ನಕ್ಷೆ ಎಷ್ಟರಮಟ್ಟಿಗೆ ತಪ್ಪಿರಬಹುದು ಎಂದು ಲೆಕ್ಕ ಹಾಕಿ, ಬರೆದು, ರುಜು ಹಾಕಬಲ್ಲವರು ಕಡಿಮೆ. ತರಬೇತಿಯ ಕೆಲಸ ಈ ಎರಡನೆಯ ಬಗೆಯವರನ್ನು ತಯಾರು ಮಾಡುವುದು. ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ಹಿಂದೆ ಹೇಗೆ ಕಲಿಸಿದರು ಎಂದು ನೋಡಿದರೆ ನನ್ನ ಮಾತು ಹೊಸದೇನೂ ಅಲ್ಲ ಎಂಬುದು ತಿಳಿಯುತ್ತದೆ.

1794ರಲ್ಲಿ ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಮೈಕೆಲ್ ಟಾಪಿಂಗ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ಖಗೋಳಜ್ಞ ಒಂದು ಸರ್ವೆ ಶಾಲೆ ತೆರೆದ. ಮೊದಲ ವಿದ್ಯಾರ್ಥಿಗಳು ಎಂಟೇ ಎಂಟು ಮಂದಿ, ಅನಾಥಾಲಯದ ಹುಡುಗರು. ವಿಲಾಯತಿಯಿಂದ ಸರ್ವೇಯರುಗಳನ್ನು ಕರೆಸುವುದು ದುಬಾರಿ, ಬಂದವರಿಗೆ ಇಲ್ಲಿನ ಬಿಸಿಲು ಒಗ್ಗುತ್ತಿರಲಿಲ್ಲ. ಹಾಗಾಗಿ ಇಲ್ಲಿಯೇ ಬೆಳೆದ ಹುಡುಗರಿಗೆ ಲೆಕ್ಕ, ಅಳತೆ, ನಕ್ಷೆ ಕಲಿಸಿ ಅನುಭವಸ್ಥ ಸರ್ವೇಯರುಗಳ ಕೈಕೆಳಗೆ ಬಿಡುವ ಏರ್ಪಾಡು ಅದು. ಕಂಪನಿಯ ಉದ್ದೇಶ ಕಂದಾಯ ಮತ್ತು ಸೈನ್ಯ ಎಂಬುದರಲ್ಲಿ ಯಾವ ಮುಚ್ಚುಮರೆಯೂ ಬೇಡ. ಆದರೆ ಆ ಶಾಲೆಯ ಕ್ರಮ ಗಮನಿಸಬೇಕಾದದ್ದು: ಸ್ವಲ್ಪ ಕಾಲ ಪಾಠ, ಆಮೇಲೆ ವರ್ಷಗಟ್ಟಲೆ ಬಯಲು. ಟಿಪ್ಪು ಮಡಿದ ಮೇಲೆ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯನ್ನು ಅಳೆಯಲು ಹೊರಟಾಗ ಅವನ ತಂಡದಲ್ಲಿ ಈ ಶಾಲೆಯಲ್ಲಿ ಪಳಗಿದ ಹುಡುಗರೂ ಇದ್ದರು. ನಮ್ಮ ನಾಡಿನ ಮೊದಲ ವಿವರವಾದ ನಕ್ಷೆಗಳಲ್ಲಿ ಆ ಹೆಸರಿಲ್ಲದ ಹುಡುಗರ ದುಡಿಮೆ ಇದೆ. ಅದೇ ಶಾಲೆ ಬೆಳೆದು ಗಿಂಡಿಯ ಎಂಜಿನಿಯರಿಂಗ್ ಕಾಲೇಜಾಯಿತು. ಇಂದು ಅದು ಅಣ್ಣಾ ವಿಶ್ವವಿದ್ಯಾಲಯದ ಭಾಗ.

ಮೆಕೆಂಜಿ ಮೈಸೂರನ್ನು ಅಳೆಯುತ್ತಿದ್ದ ಹೊತ್ತಿಗೇ ವಿಲಿಯಂ ಲ್ಯಾಂಬ್ಟನ್ ಬೇರೊಂದು ಬಗೆಯ ಅಳತೆ ಆರಂಭಿಸಿದ. 1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು ಏಳೂವರೆ ಮೈಲಿ ಉದ್ದದ ಆಧಾರರೇಖೆಯ ಅಳತೆಗೆ ಕೈಹಾಕಿದ. ನೂರು ಅಡಿಯ ಉಕ್ಕಿನ ಸರಪಳಿ. ಬಿಸಿಲಿಗೆ ಅದು ಹಿಗ್ಗುತ್ತದೆಂದು ಪಕ್ಕದಲ್ಲಿ ಉಷ್ಣಮಾಪಕಗಳು. ಎಷ್ಟು ಶಾಖಕ್ಕೆ ಎಷ್ಟು ಹಿಗ್ಗಿತು ಎಂಬ ಲೆಕ್ಕ. ಅಲ್ಲಿಂದ ತ್ರಿಕೋನಗಳನ್ನು ಒಂದಕ್ಕೊಂದು ಪೋಣಿಸುತ್ತ ಪಶ್ಚಿಮಕ್ಕೆ ಬಂದರು. ಹೀಗೆ ಬಂದಾಗ ಬೆಂಗಳೂರಿನ ಬಳಿಯ ಒಂದು ರೇಖೆ ಎಷ್ಟು ಉದ್ದ ಎಂಬುದು ಕಾಗದದ ಮೇಲೆ ಲೆಕ್ಕದಿಂದಲೇ ಸಿಕ್ಕಿತ್ತು. ಅಷ್ಟಕ್ಕೆ ಬಿಡಬಹುದಿತ್ತು. ಬಿಡಲಿಲ್ಲ. 1804ರಲ್ಲಿ ಲ್ಯಾಂಬ್ಟನ್ನನ ಸಹಾಯಕ ಜಾನ್ ವಾರನ್ ಅದೇ ರೇಖೆಯನ್ನು ನೆಲದ ಮೇಲೆ ಸರಪಳಿ ಹಾಸಿ ಮತ್ತೆ ಅಳೆದ. ಏಳು ಮೈಲಿಗೂ ಮೀರಿದ ಆ ರೇಖೆಯಲ್ಲಿ ಲೆಕ್ಕಕ್ಕೂ ಅಳತೆಗೂ ಬಂದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ. ಈ ನಾಲ್ಕು ಅಂಗುಲದ ಬಗ್ಗೆ ಮಾತಾಡುವವರೆಲ್ಲ ಅದು ಎಷ್ಟು ಕಡಿಮೆ ಎಂದು ಬೆರಗಾಗುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆ ವ್ಯತ್ಯಾಸವನ್ನು ಅವರು ಹುಡುಕಿಕೊಂಡು ಹೋದದ್ದು, ಸಿಕ್ಕಿದ್ದನ್ನು ವರದಿಯಲ್ಲಿ ಬರೆದದ್ದು. ತನ್ನ ಕೆಲಸವನ್ನು ತಾನೇ ಪರೀಕ್ಷೆಗೆ ಒಡ್ಡುವ ಈ ಶಿಸ್ತು ಬೆಂಗಳೂರಿನ ಮಣ್ಣಿನ ಮೇಲೆ ನಡೆದದ್ದು ಎಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ಹೇಳಿಕೊಡಬೇಕು.

ಇನ್ನು ನೈನ್ ಸಿಂಗ್ ರಾವತ್. ಕುಮಾವೂನಿನ ಮಿಲಮ್ ಕಡೆಯ ಶಾಲಾ ಮೇಷ್ಟರು. ಟಿಬೆಟ್ಟಿನೊಳಕ್ಕೆ ಬಿಳಿಯರನ್ನು ಬಿಡುತ್ತಿರಲಿಲ್ಲವಾದ್ದರಿಂದ, ಆ ನಾಡನ್ನು ಗುಟ್ಟಾಗಿ ಅಳೆದು ಬರಲೆಂದು 1863ರಿಂದ ಅವರಿಗೂ ಅವರ ಬಂಧು ಮಾನಿ ಸಿಂಗರಿಗೂ ಡೆಹ್ರಾಡೂನಿನಲ್ಲಿ ತರಬೇತಿ ನಡೆಯಿತು. ಅದರ ಪಠ್ಯಕ್ರಮವನ್ನು ಇವತ್ತಿನ ಯಾವ ಡಿಪ್ಲೊಮಾದ ಪಕ್ಕಕ್ಕಾದರೂ ಇಟ್ಟು ನೋಡಬಹುದು. ಏರಿರಲಿ ಇಳಿಜಾರಿರಲಿ ಹೆಜ್ಜೆಯ ಅಳತೆ ಬದಲಾಗಬಾರದು. ಎರಡು ಸಾವಿರ ಹೆಜ್ಜೆಗೆ ಒಂದು ಮೈಲಿ. ಜಪಮಾಲೆಯಲ್ಲಿ 108ರ ಬದಲು 100 ಮಣಿ. ನೂರು ಹೆಜ್ಜೆಗೊಂದು ಮಣಿ, ಮಾಲೆ ಒಂದು ಸುತ್ತು ಬಂದರೆ ಐದು ಮೈಲಿ. ಸೆಕ್ಸ್‌ಟಂಟಿನಲ್ಲಿ ನಕ್ಷತ್ರ ಹಿಡಿದು ಅಕ್ಷಾಂಶ ಗೊತ್ತುಮಾಡುವುದು. ನೀರು ಎಷ್ಟು ಶಾಖಕ್ಕೆ ಕುದಿಯುತ್ತದೆ ಎಂದು ನೋಡಿ ಎತ್ತರ ಹೇಳುವುದು. 1866ರ ಜನವರಿಯಲ್ಲಿ ಅವರು ಲ್ಹಾಸಾ ತಲುಪಿದರು. ಇಲ್ಲಿಯೂ ಗಮನಿಸಬೇಕಾದ್ದು ಪರೀಕ್ಷಿಸುವ ದಾರಿ. ಹೆಜ್ಜೆಯಿಂದ ಬಂದ ದೂರವನ್ನು ನಕ್ಷತ್ರದಿಂದ ಬಂದ ಅಕ್ಷಾಂಶ ತಿದ್ದುತ್ತದೆ. ಒಂದು ಸಾಧನ ಸುಳ್ಳು ಹೇಳಿದರೆ ಇನ್ನೊಂದು ಹಿಡಿದುಕೊಡುತ್ತದೆ. 1877ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಅವರಿಗೆ ಚಿನ್ನದ ಪದಕ ಕೊಟ್ಟಿತು. ಅಲೆದಾಟ ನಿಂತ ಮೇಲೆ ಮೇಷ್ಟರು ಮತ್ತೆ ಮೇಷ್ಟರೇ ಆಗಿ, ಮುಂದಿನ ಅನ್ವೇಷಕರಿಗೆ ಪಾಠ ಹೇಳಿದರು. ಬಯಲಿನಲ್ಲಿ ಪಳಗಿದವರು ಪಾಠಕ್ಕೆ ನಿಲ್ಲುವ ಆ ಪದ್ಧತಿ ನಮ್ಮಲ್ಲಿ ತಪ್ಪಿಹೋಗಿದೆ.

ರಾಧಾನಾಥ ಸಿಕದಾರರ ಹೆಸರನ್ನೂ ಹೇಳಲೇಬೇಕು. 1831ರಲ್ಲಿ ಹದಿಹರೆಯದಲ್ಲೇ, ಲ್ಯಾಂಬ್ಟನ್ ಆರಂಭಿಸಿದ್ದ ತ್ರಿಕೋನಮಿತಿ ಸರ್ವೆಗೆ ಗಣಕರಾಗಿ ಸೇರಿದವರು. ಎವರೆಸ್ಟ್ ಎಂದು ಆಮೇಲೆ ಹೆಸರಾದ ಶಿಖರದ ಎತ್ತರದ ಲೆಕ್ಕಾಚಾರದಲ್ಲಿ ಅವರ ಪಾಲು ದೊಡ್ಡದು. ನೂರು ಮೈಲಿಗೂ ಆಚೆಯಿಂದ ನೋಡಿದ ಕೋನಗಳು. ನಡುವಿನ ಗಾಳಿ ಬೆಳಕನ್ನು ಎಷ್ಟು ಬಗ್ಗಿಸಿತು ಎಂಬ ತಿದ್ದುಪಡಿ. ಎಲ್ಲ ಸೇರಿ 1856ರಲ್ಲಿ ಪ್ರಕಟವಾದದ್ದು 29,002 ಅಡಿ. 2020ರಲ್ಲಿ ಉಪಗ್ರಹ ಸಾಧನಗಳಿಂದ ಅಳೆದು ಘೋಷಿಸಿದ್ದು 8848.86 ಮೀಟರ್. ಅಂತರ ಸುಮಾರು ಒಂಬತ್ತು ಮೀಟರ್ ಅಷ್ಟೇ. ಗಾಳಿಯ ತಪ್ಪನ್ನು ಲೆಕ್ಕ ಹಾಕಲು ಕಲಿತಿರದಿದ್ದರೆ ಈ ಉತ್ತರ ಬರುತ್ತಲೇ ಇರಲಿಲ್ಲ.

ಸ್ವಾತಂತ್ರ್ಯದ ನಂತರದ ಕಥೆ ಒಂದು ಡಚ್ ಸ್ನೇಹದಿಂದ ಶುರುವಾಗುತ್ತದೆ. ಎರಡನೆಯ ಮಹಾಯುದ್ಧದ ಬಳಿಕ ನೆದರ್‌ಲ್ಯಾಂಡ್ಸಿನ ಮೊದಲ ಪ್ರಧಾನಿಯಾಗಿದ್ದ ವಿಲೆಮ್ ಸ್ಕೆರ್ಮರ್‌ಹಾರ್ನ್ ಮೂಲತಃ ಭೂಮಾಪನದ ಪ್ರಾಧ್ಯಾಪಕರು. ಅಧಿಕಾರ ಬಿಟ್ಟ ಮೇಲೆ, 1950ರಲ್ಲಿ, ವೈಮಾನಿಕ ಚಿತ್ರಗಳಿಂದ ನಕ್ಷೆ ಮಾಡುವುದನ್ನು ಹೊಸದಾಗಿ ಸ್ವತಂತ್ರವಾದ ದೇಶಗಳವರಿಗೆ ಕಲಿಸಲೆಂದು ಐಟಿಸಿ ಎಂಬ ಸಂಸ್ಥೆ ಕಟ್ಟಿದರು. 1957ರಲ್ಲಿ ಅವರಿಗೂ ನೆಹರೂ ಅವರಿಗೂ ನಡುವೆ ಆದ ಮಾತುಕತೆಯ ಫಲವಾಗಿ 1966ರಲ್ಲಿ ಡೆಹ್ರಾಡೂನಿನಲ್ಲಿ ಭಾರತೀಯ ಫೋಟೋ ಇಂಟರ್‌ಪ್ರಿಟೇಶನ್ ಸಂಸ್ಥೆ ಹುಟ್ಟಿತು. ಇಂದಿನ ಭಾರತೀಯ ದೂರಸಂವೇದಿ ಸಂಸ್ಥೆ, ಐಐಆರ್‌ಎಸ್, ಅದೇ. ಅಲ್ಲಿಗೆ ತರಬೇತಿಗೆ ಬರುತ್ತಿದ್ದವರು ಭೂವಿಜ್ಞಾನಿಗಳು, ಅರಣ್ಯಾಧಿಕಾರಿಗಳು, ಮಣ್ಣಿನ ತಜ್ಞರು. ಅಂದರೆ ಒಂದು ವಿಷಯ ಮೊದಲೇ ಕೈವಶವಾಗಿದ್ದವರು. ಕಾಡನ್ನು ಬಲ್ಲವನು ಮೇಲಿನಿಂದ ತೆಗೆದ ಚಿತ್ರದಲ್ಲಿ ಕಾಡನ್ನು ಓದುವುದು ಕಲಿಯುತ್ತಿದ್ದ. ಸ್ಟೀರಿಯೋಸ್ಕೋಪಿನಡಿ ಎರಡು ಚಿತ್ರ ಜೋಡಿಸಿ, ಬಣ್ಣದ ಗಾಢತೆ, ಮೈಯ ಒರಟುತನ, ಆಕಾರ, ನೆರಳು, ಅಕ್ಕಪಕ್ಕ ಏನಿದೆ ಎಂಬುದನ್ನೆಲ್ಲ ನೋಡಿ ಇದು ಸಾಗುವಾನಿ, ಇದು ಸಾಲ ಎಂದು ಊಹಿಸಿ, ಆಮೇಲೆ ಆ ಕಾಡಿಗೇ ನಡೆದುಹೋಗಿ ಊಹೆ ಎಷ್ಟು ಸರಿ ಎಂದು ನೋಡಿಕೊಂಡು ಬರುತ್ತಿದ್ದರು.

ಭಾರತದ ದೂರಸಂವೇದಿ ಚರಿತ್ರೆಯೂ ಹೀಗೆಯೇ ಶುರುವಾಯಿತು. 1970ರಲ್ಲಿ ವಿಜ್ಞಾನಿ ಪಿಷಾರೋಟಿ ಅವರ ತಂಡ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅವಕೆಂಪು ಫಿಲ್ಮಿನಲ್ಲಿ ಚಿತ್ರ ತೆಗೆದು, ಬೇರುರೋಗ ತಗುಲಿದ ಮರಗಳನ್ನು ಗುರುತಿಸಿತು. ಅಲ್ಲಿಂದ 1988ರ ಮಾರ್ಚಿನಲ್ಲಿ ಹಾರಿದ ಐಆರ್‌ಎಸ್-1ಎ ಉಪಗ್ರಹದ ವರೆಗಿನ ದಾರಿ ನಿಮಗೆ ಗೊತ್ತಿರುವುದೇ. ಕರ್ನಾಟಕವೂ ತನ್ನದೇ ರಾಜ್ಯ ದೂರಸಂವೇದಿ ಕೇಂದ್ರ ಕಟ್ಟಿಕೊಂಡಿತು. 1995ರಿಂದ ಡೆಹ್ರಾಡೂನಿನಲ್ಲಿ ವಿಶ್ವಸಂಸ್ಥೆಗೆ ಸೇರಿದ ಕೇಂದ್ರವೊಂದು ಏಷ್ಯಾದ ಇತರ ದೇಶದವರಿಗೂ ಕಲಿಸುತ್ತಿದೆ. ಐಐಆರ್‌ಎಸ್‌ನ ದೂರಶಿಕ್ಷಣದ ಪಾಠಗಳು 2007ರಿಂದ ಕಾಲೇಜು ಕಾಲೇಜಿಗೂ ತಲುಪುತ್ತಿವೆ. ಇವು ಸಣ್ಣ ಸಾಧನೆಗಳಲ್ಲ.

ಈಗ ಇಂದಿನ ಮಾತು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆಯ ಮೇಲಿನ ಪರವಾನಗಿಯ ಬಿಗಿಯನ್ನು ಬಹುಮಟ್ಟಿಗೆ ಸಡಿಲಿಸಿತು. 2022ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಜಿಯೋಸ್ಪೇಷಿಯಲ್ ನೀತಿ ಬಂತು. ಕೆಲಸಗಳು ಹೆಚ್ಚಾದವು. ಅದರ ಬೆನ್ನಿಗೇ ಕೆಲವೇ ವಾರಗಳಲ್ಲಿ ಜಿಐಎಸ್ ಕಲಿಸುತ್ತೇವೆ ಎನ್ನುವ ತರಗತಿಗಳೂ ಬಂದವು. ಇವುಗಳಲ್ಲಿ ಕಲಿಸುವುದು ಬಹುತೇಕ ಒಂದು ಸಾಫ್ಟ್‌ವೇರಿನ ಮೆನು. ಎಲ್ಲಿ ಒತ್ತಿದರೆ ಪದರ ಸೇರುತ್ತದೆ, ಎಲ್ಲಿ ಒತ್ತಿದರೆ ಬಣ್ಣ ಬರುತ್ತದೆ. ಕ್ಯೂಜಿಐಎಸ್‌ನಂಥ ಮುಕ್ತ ತಂತ್ರಾಂಶ ಇಂದು ಯಾರಿಗಾದರೂ ಉಚಿತವಾಗಿ ಸಿಗುವಾಗ ಮೆನು ಕಲಿಯಲು ಹಣ ಕೊಡಬೇಕಾದ ಅಗತ್ಯವೇ ಇಲ್ಲ. ಕೊಡಬೇಕಾದ್ದು ಮೆನುವಿನಲ್ಲಿ ಇಲ್ಲದ್ದಕ್ಕೆ.

ಒಂದು ಉದಾಹರಣೆ ನೋಡಿ. ಬೆಂಗಳೂರಿನ ಅಕ್ಷಾಂಶ 12.97, ರೇಖಾಂಶ 77.59. ಹೊಸಬರು ಈ ಎರಡನ್ನು ಅದಲುಬದಲಾಗಿ ತುಂಬುವುದುಂಟು. ಕಂಪ್ಯೂಟರ್ ತಕರಾರು ಮಾಡುವುದಿಲ್ಲ. ಬೆಂಗಳೂರನ್ನು ಉತ್ತರ ಧ್ರುವದ ಕಡೆಯ ಸ್ವಾಲ್‌ಬಾರ್ಡ್ ದ್ವೀಪಗಳ ಹತ್ತಿರದ ಸಮುದ್ರಕ್ಕೆ ಹಾಕುತ್ತದೆ. ಇನ್ನೊಂದು ನಮ್ಮದೇ ಕೋಲಾರ ಜಿಲ್ಲೆಯದು. ನಕ್ಷೆಯ ಅಳತೆಗೆ ಬಳಸುವ ಯುಟಿಎಂ ವ್ಯವಸ್ಥೆಯಲ್ಲಿ ಭೂಮಿಯನ್ನು ಆರಾರು ಡಿಗ್ರಿಯ ಪಟ್ಟಿಗಳಾಗಿ ಹಂಚಿದ್ದಾರೆ. ಕರ್ನಾಟಕದ ಬಹುಭಾಗ 43ನೆಯ ಪಟ್ಟಿಯಲ್ಲಿದೆ. 78ನೆಯ ರೇಖಾಂಶ ದಾಟಿದ ಕೋಲಾರ, ಮುಳಬಾಗಿಲು 44ರಲ್ಲಿವೆ. ಕೋಲಾರದ ಅಳತೆಗೆ 43 ಎಂದು ಹಣೆಪಟ್ಟಿ ಹಚ್ಚಿದರೆ ಆ ಊರು ಆರು ಡಿಗ್ರಿ ಪಶ್ಚಿಮಕ್ಕೆ ಸರಿದು, ಮಂಗಳೂರಿನಿಂದ ಸುಮಾರು ಮುನ್ನೂರು ಕಿಲೋಮೀಟರ್ ಆಚೆ ಅರಬ್ಬಿ ಸಮುದ್ರದಲ್ಲಿ ತೇಲುತ್ತದೆ.

ಇಷ್ಟು ದೊಡ್ಡ ತಪ್ಪುಗಳಿಂದ ಅಪಾಯವಿಲ್ಲ, ಯಾಕೆಂದರೆ ಅವು ಕಣ್ಣಿಗೆ ಬೀಳುತ್ತವೆ. ಕಾಡುವುದು ಕಣ್ಣಿಗೆ ಬೀಳದ ತಪ್ಪು. ನಮ್ಮ ಹಳೆಯ ಭೂಪಟಗಳೆಲ್ಲ ಎವರೆಸ್ಟ್ ಎಂಬ ಹತ್ತೊಂಬತ್ತನೆಯ ಶತಮಾನದ ಗೋಳದ ಲೆಕ್ಕದ ಮೇಲೆ ನಿಂತವು. ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್-84 ಎಂಬ ಬೇರೆ ಲೆಕ್ಕ. ಎರಡನ್ನೂ ತಿದ್ದುಪಡಿಯಿಲ್ಲದೆ ಒಂದರ ಮೇಲೊಂದು ಇಟ್ಟರೆ ನಮ್ಮ ಭಾಗದಲ್ಲಿ ನೂರು ಮೀಟರಿಗೂ ಹೆಚ್ಚು ಜಾರುತ್ತದೆ. ಊರು ಊರಿನಲ್ಲೇ ಇದ್ದಂತೆ ಕಾಣುತ್ತದೆ; ಕೆರೆಯ ಅಂಗಳ ಮಾತ್ರ ಯಾರದೋ ಗದ್ದೆಯೊಳಕ್ಕೆ ಹೋಗಿರುತ್ತದೆ. ಅದನ್ನು ನಂಬಿ ಒತ್ತುವರಿ ನೋಟಿಸು ಹೊರಟರೆ?

ಹೊಲದ ಗಡಿಯ ವಿಚಾರಕ್ಕೆ ಬರೋಣ. ಈ ವಿದ್ಯೆ ನಮ್ಮ ಜನರನ್ನು ಮುಟ್ಟುವುದು ಅಲ್ಲಿಯೇ. ರೈತರೊಬ್ಬರು ಮೊಬೈಲಿನಲ್ಲಿ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ತೆರೆದು ಬದುವಿನ ಮೇಲೆ ನಿಲ್ಲುತ್ತಾರೆ. ನೀಲಿ ಚುಕ್ಕೆ ಪಕ್ಕದವರ ಸರ್ವೆ ನಂಬರಿನಲ್ಲಿ ಕಾಣುತ್ತದೆ. ಜಗಳಕ್ಕೆ ಅಷ್ಟು ಸಾಕು. ಈಗ ಲೆಕ್ಕ ಹಾಕಿ. ಆ ಆ್ಯಪ್‌ನಲ್ಲಿ ಕಾಣುವ ಗಡಿ ಬಂದದ್ದು ಗ್ರಾಮನಕ್ಷೆಯಿಂದ. ನಮ್ಮ ಹಳೆಯ ಗ್ರಾಮನಕ್ಷೆಗಳ ಸಾಮಾನ್ಯ ಪ್ರಮಾಣ ಎಂಟು ಅಂಗುಲಕ್ಕೆ ಒಂದು ಮೈಲಿ, ಅಂದರೆ 1:7920. ಆ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ ಸುಮಾರು ನಾಲ್ಕು ಮೀಟರ್, ಹದಿಮೂರು ಅಡಿ. ಮೊಬೈಲಿನ ಜಿಪಿಎಸ್ ತೆರೆದ ಆಕಾಶದಡಿಯೂ ಐದು ಮೀಟರಿನಷ್ಟು, ಹದಿನಾರು ಅಡಿ, ಆಚೀಚೆ ಆಗಬಲ್ಲದು; ತೆಂಗು ಅಡಿಕೆಯ ನೆರಳಿನಲ್ಲಿ ಇನ್ನೂ ಹೆಚ್ಚು. ಹದಿಮೂರೂ ಹದಿನಾರೂ ಒಂದೇ ದಿಕ್ಕಿಗೆ ಕೂಡಿಕೊಂಡರೆ ಇಪ್ಪತ್ತೊಂಬತ್ತು ಅಡಿ. ಒಂದು ಗುಂಟೆ ಎಂದರೆ ಮೂವತ್ಮೂರು ಅಡಿ ಚೌಕ. ಹಾಗಿರುವಾಗ ಆ ನೀಲಿ ಚುಕ್ಕೆ ಗಡಿಯ ಬಗ್ಗೆ ತೀರ್ಪು ಕೊಡಲಾರದು. ಸರ್ವೆ ನಂಬರ್ ಯಾವುದು, ಹತ್ತಿರದಲ್ಲಿ ಸರ್ಕಾರಿ ಜಾಗ ಇದೆಯೇ ಎಂದು ತಿಳಿಯಲು ಅದು ಒಳ್ಳೆಯ ಸಾಧನ, ನಾನೂ ಬಳಸುತ್ತೇನೆ. ಬೇಲಿ ಹಾಕಲು ಹದ್ದುಬಸ್ತು ಸರ್ವೆಯೇ ಆಗಬೇಕು. ಈ ಎರಡರ ವ್ಯತ್ಯಾಸವನ್ನು ಆ ಬದುವಿನ ಮೇಲೆಯೇ ನಿಂತು ರೈತರಿಗೆ ತಿಳಿಯುವ ಹಾಗೆ ವಿವರಿಸಬಲ್ಲವರನ್ನು ನಾನು ತರಬೇತಿ ಪಡೆದವರು ಎನ್ನುತ್ತೇನೆ.

ತಾಲ್ಲೂಕಿನ ಸರ್ವೇಯರ್ ಹತ್ತಿರ ಇರುವ ಮೂಲ ದಾಖಲೆ ಟಿಪ್ಪಣಿ. ಮೈಸೂರು ಸೀಮೆಯ ಕಂದಾಯ ಸರ್ವೆ 1863ರಲ್ಲಿ ಆರಂಭವಾದಾಗಿನಿಂದ ಬಂದ ಪರಂಪರೆ ಅದು. ಮೂವತ್ಮೂರು ಅಡಿಗೆ ಒಂದು ಸರಪಳಿ, ಸರಪಳಿಗೆ ಹದಿನಾರು ಆಣೆ. ಒಂದು ಆಣೆ ಎಂದರೆ ಎರಡು ಅಡಿ ಮುಕ್ಕಾಲು ಅಂಗುಲ. ಇಂದು ಆ ಸರ್ವೇಯರ್ ಕೈಗೆ ಸೆಂಟಿಮೀಟರ್ ಮಟ್ಟದಲ್ಲಿ ಅಳೆಯುವ ರೋವರ್ ಎಂಬ ಉಪಗ್ರಹ ಸಾಧನ ಬಂದಿದೆ. ಸರ್ವೆ ಆಫ್ ಇಂಡಿಯಾದ ಕಾರ್ಸ್ ಎಂಬ ಸ್ಥಿರ ಕೇಂದ್ರಗಳ ಸಂಕೇತ ಹಿಡಿದು ಅದು ಕ್ಷಣದಲ್ಲಿ ಸ್ಥಾನ ಹೇಳುತ್ತದೆ. ರೋವರ್ ಎಷ್ಟೇ ಸೂಕ್ಷ್ಮವಾಗಿರಲಿ, ಆಣೆಯಲ್ಲಿ ಬರೆದಿಟ್ಟ ಹಳೆಯ ಅಳತೆ ಅದರಿಂದ ಸೂಕ್ಷ್ಮವಾಗುವುದಿಲ್ಲ. ಬಾಂದುಕಲ್ಲು ಕಿತ್ತುಹೋದ ಕಡೆ ಹಳೆಯ ಮೂಲೆ ಎಲ್ಲಿತ್ತು ಎಂದು ಗೊತ್ತುಮಾಡುವುದು ಟಿಪ್ಪಣಿ ಓದುವ ವಿದ್ಯೆ. ಸುತ್ತಲಿನ ನಂಬರುಗಳ ಅಳತೆ ತೆಗೆದುಕೊಂಡು, ಉಳಿದಿರುವ ಕಲ್ಲುಗಳಿಂದ ಹಿಡಿದು, ಕೊನೆಗೆ ಎಷ್ಟು ಹೊಂದಿಕೆಯಾಗಲಿಲ್ಲ ಎಂಬುದನ್ನು ಬರೆಯಬೇಕು. ಹಿರಿಯ ಸರ್ವೇಯರುಗಳಿಗೆ, ಅವರ ಜೊತೆ ಜೀವಮಾನವಿಡೀ ಸರಪಳಿ ಎಳೆದ ಬಾಂದುಜವಾನರಿಗೆ, ಇದು ಕರತಲಾಮಲಕ. ಅವರು ನಿವೃತ್ತರಾಗುತ್ತಿದ್ದಾರೆ. ಹೊಸಬರು ರೋವರನ್ನು ಬಹಳ ಚೆನ್ನಾಗಿ ಬಲ್ಲರು, ಟಿಪ್ಪಣಿಯನ್ನು ಅಷ್ಟಾಗಿ ಬಲ್ಲರು ಎನ್ನಲಾರೆ. ಇಬ್ಬರನ್ನೂ ಒಂದೇ ಹೊಲದಲ್ಲಿ ಒಂದು ವಾರ ಕೂಡಿಸುವ ತರಬೇತಿ ಬೇಕಾಗಿದೆ, ಅದೂ ಈ ಕೆಲವು ವರ್ಷಗಳೊಳಗೆ. ತಡವಾದರೆ ಕಲಿಸುವವರೇ ಇರುವುದಿಲ್ಲ.

2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ವಾಸದ ಜಾಗವನ್ನು ಡ್ರೋನಿನಿಂದ ಅಳೆಯುತ್ತಿದ್ದಾರೆ. ಆರಂಭದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದರಲ್ಲಿ ನನಗೆ ಬಹಳ ಹಿಡಿಸಿದ ಹಂತ ಡ್ರೋನ್ ಹಾರುವುದಕ್ಕಿಂತ ಮೊದಲಿನದು. ಮನೆಯವರು, ನೆರೆಯವರು, ಪಂಚಾಯಿತಿಯವರು ಸೇರಿ ಪ್ರತಿ ಆಸ್ತಿಯ ಅಂಚಿಗೆ ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಾರೆ. ಮೇಲಿನಿಂದ ಕ್ಯಾಮೆರಾ ಹಿಡಿಯುವುದು ಆ ಗೆರೆಯನ್ನು. ಗೋಡೆ ಎಲ್ಲಿದೆ ಎಂದು ಡ್ರೋನಿಗೆ ಕಾಣುತ್ತದೆ. ಗೋಡೆಯಾಚೆಯ ಎರಡು ಅಡಿ ಹಿತ್ತಲು ಯಾರದು ಎಂದು ಕಾಣುವುದಿಲ್ಲ. ಅದನ್ನು ಇಬ್ಬರು ನೆರೆಯವರು ನಿಂತು ಒಪ್ಪಬೇಕು. ಒಪ್ಪಿಸುವ ಮಾತು, ತಾಳ್ಮೆ, ಮನೆಯ ಹೆಂಗಸರ ಮಾತನ್ನೂ ಕೇಳಿ ಬರೆದುಕೊಳ್ಳುವ ಅಭ್ಯಾಸ, ಇವು ನಕ್ಷಾ ತರಬೇತಿಯ ಪಠ್ಯದೊಳಗೇ ಬರಬೇಕು. ಗೆರೆ ತಪ್ಪಾಗಿ ಬಿದ್ದರೆ ಡ್ರೋನ್ ಆ ತಪ್ಪನ್ನೇ ಬಹಳ ನಿಖರವಾಗಿ ಚಿತ್ರಿಸುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲು, ಬಯಲಿನ ಕೆಲಸವನ್ನು ಕಡಿಮೆ ಮಾಡಬಾರದು. ನಮ್ಮ ಸಿವಿಲ್ ವಿದ್ಯಾರ್ಥಿಗಳಿಗೆ ಸರ್ವೆ ಕ್ಯಾಂಪ್ ಎಂಬುದಿತ್ತು. ಹೊಸ ಕೆರೆ, ಹಳೆ ಕೆರೆಯ ದುರಸ್ತಿ, ಹೆದ್ದಾರಿ, ಕುಡಿಯುವ ನೀರು, ಹೀಗೆ ಒಂದೊಂದು ಯೋಜನೆ ಹಿಡಿದು ದಿನಗಟ್ಟಲೆ ಬಿಸಿಲಿನಲ್ಲಿ ನಿಂತು ಲೆವೆಲ್ ಓದುತ್ತಿದ್ದರು. ಹೊರಟ ಬಿಂದುವಿಗೆ ತಿರುಗಿ ಬಂದಾಗ ಲೆಕ್ಕ ಮುಚ್ಚದೇ ಇದ್ದರೆ ಮತ್ತೆ ಹೋಗಬೇಕು. ಇಡೀ ಎಂಜಿನಿಯರಿಂಗ್ ವ್ಯಾಸಂಗದಲ್ಲಿ ನೆಲವೇ ಪರೀಕ್ಷಕನಾಗಿ ನಿಂತು ಅಂಕ ಕೊಡುತ್ತಿದ್ದ ಭಾಗ ಬಹುಶಃ ಅದೊಂದೇ. ಖರ್ಚು, ಸುರಕ್ಷತೆ, ಸಮಯ ಎಂದು ಎಷ್ಟೋ ಕಡೆ ಅದನ್ನು ಕಾಲೇಜಿನ ಆವರಣಕ್ಕೆ ಇಳಿಸುತ್ತಿರುವುದು ನನಗೆ ನೋವಿನ ಸಂಗತಿ. ಭೂಗೋಳದ ವಿದ್ಯಾರ್ಥಿಗಳಿಗೂ, ಜಿಯೋಇನ್‌ಫರ್ಮ್ಯಾಟಿಕ್ಸ್ ಓದುವವರಿಗೂ ಅದೇ ಕ್ಯಾಂಪ್ ಬೇಕು.

ಎರಡನೆಯದು ಪರೀಕ್ಷೆಯ ಮಾತು. ಈಗ ಪ್ರಾಯೋಗಿಕ ಪರೀಕ್ಷೆಯಲ್ಲಿ ಅಂದವಾದ ನಕ್ಷೆಗೆ ಅಂಕ. ನನ್ನ ಕೈಯಲ್ಲಿದ್ದರೆ ಹೀಗೆ ಮಾಡುತ್ತೇನೆ: ವಿದ್ಯಾರ್ಥಿಗೆ ಒಂದು ಕೆರೆಯ ಉಪಗ್ರಹ ಚಿತ್ರ ಕೊಟ್ಟು ಅಂಚು ಗುರುತಿಸಲು ಹೇಳುವುದು, ಆಮೇಲೆ ಆ ಕೆರೆಗೆ ಕರೆದೊಯ್ದು ಇಪ್ಪತ್ತು ಕಡೆ ರೋವರಿನಿಂದ ಅಳೆಯಲು ಹೇಳುವುದು, ಎರಡಕ್ಕೂ ಇರುವ ಅಂತರದ ಸರಾಸರಿ, ಅತಿ ದೊಡ್ಡ ಅಂತರ, ಅದು ಯಾಕೆ ಬಂತು ಎಂಬ ಕಾರಣ, ಇಷ್ಟನ್ನು ಒಂದು ಪುಟದಲ್ಲಿ ಬರೆಸುವುದು. ಚಿತ್ರ ಬೇಸಿಗೆಯದೇ, ಮಳೆಗಾಲದ್ದೇ? ಅಂಚಿನಲ್ಲಿ ಜೊಂಡು ಇತ್ತೇ? ಅರ್ಧ ಅಂಕ ಆ ಪುಟಕ್ಕೆ. ಸುಳ್ಳು ಅಚ್ಚುಕಟ್ಟುತನಕ್ಕೆ ಅಂಕವಿಲ್ಲ. ಹತ್ತು ಮೀಟರ್ ತಪ್ಪಿದೆ ಎಂದು ಸರಿಯಾಗಿ ಹೇಳಿದವರಿಗೆ ಪೂರ್ತಿ ಅಂಕ.

ಮೂರನೆಯದು ಭಾಷೆ. ರಾಜ್ಯದ ಪರವಾನಗಿ ಭೂಮಾಪಕರು, ಗ್ರಾಮ ಆಡಳಿತಾಧಿಕಾರಿಗಳು, ಪಂಚಾಯಿತಿ ಸಿಬ್ಬಂದಿ, ಅರಣ್ಯ ರಕ್ಷಕರು, ಇವರೆಲ್ಲ ದಿನನಿತ್ಯ ನಕ್ಷೆ ಹಿಡಿಯುವವರು, ಕನ್ನಡದಲ್ಲಿ ಕೆಲಸ ಮಾಡುವವರು. ಪೋಡಿ, ಕರಾಬು, ಆಕಾರ್‌ಬಂದ್, 11ಇ ನಕ್ಷೆ ಇವೆಲ್ಲ ಅವರ ನಾಲಿಗೆಯ ಮೇಲಿವೆ. ಅವರಿಗೆ ಡೇಟಮ್, ಪ್ರೊಜೆಕ್ಷನ್, ದೋಷದ ಲೆಕ್ಕ ಇಂಗ್ಲಿಷಿನ ಸ್ಲೈಡುಗಳಲ್ಲಿ ಬರುತ್ತದೆ, ಉದಾಹರಣೆಗಳು ಬೇರೆ ದೇಶದವು. ಕಲಿಯಲಾರದೆ ಅಲ್ಲ, ತಲುಪದೆ ಅವರು ಗುಂಡಿ ಒತ್ತುವುದನ್ನಷ್ಟೇ ಕಲಿತು ಹಿಂದಿರುಗುತ್ತಾರೆ. ಹೊಸ ಪದಗಳನ್ನು ಟಂಕಿಸುವುದಕ್ಕೆ ಕಾಯಬೇಕಾಗಿಲ್ಲ. ಡೇಟಮ್ ಡೇಟಮ್ಮೇ ಆಗಿರಲಿ, ವಿವರಣೆ ಕನ್ನಡದಲ್ಲಿರಲಿ, ಉದಾಹರಣೆ ಮುಳಬಾಗಿಲಿನದಾಗಿರಲಿ.

ಕೊನೆಗೆ, ಈ ಉಪನ್ಯಾಸದ ದತ್ತಿಯನ್ನು ಸ್ಥಾಪಿಸಿದ ಕುಟುಂಬದ ಹಿರಿಯರಲ್ಲಿ ಒಂದು ಕೋರಿಕೆ. ಪ್ರತಿವರ್ಷ ಉಪನ್ಯಾಸ ಏರ್ಪಡಿಸುವುದರ ಜೊತೆಗೆ, ದತ್ತಿಯ ಬಡ್ಡಿಯಲ್ಲಿ ಉಳಿಯುವ ಹಣದಿಂದ ಒಂದು ಕನ್ನಡ ಅಭ್ಯಾಸ ಪುಸ್ತಕ ತರಲು ಸಾಧ್ಯವೇ ಎಂದು ಯೋಚಿಸಬೇಕು. ನೂರು ಪುಟ ಸಾಕು. ಒಂದು ಹಳ್ಳಿ, ಅದರ ಗ್ರಾಮನಕ್ಷೆ, ನಾಲ್ಕಾರು ಟಿಪ್ಪಣಿ, ಒಂದು ಉಪಗ್ರಹ ಚಿತ್ರ, ಒಂದಿಷ್ಟು ರೋವರ್ ಅಳತೆ; ಪ್ರತಿ ಪಾಠದ ಕೊನೆಗೆ ನಕ್ಷೆ ಎಷ್ಟು ತಪ್ಪಿದೆ ಎಂದು ಕಂಡುಹಿಡಿಯುವ ಲೆಕ್ಕ. ಈಗಷ್ಟೇ ನಿವೃತ್ತರಾದ ಇಬ್ಬರು ಸರ್ವೇಯರುಗಳನ್ನು ಸಂಪಾದಕ ಮಂಡಳಿಗೆ ಸೇರಿಸಿಕೊಳ್ಳಿ. ಅಧ್ಯಾಪಕರಾದ ನಾವು ಕೂತು ಬರೆಯುತ್ತೇವೆ. ಈ ಸಭೆಯಲ್ಲಿರುವ ವಿದ್ಯಾರ್ಥಿಗಳಲ್ಲಿ ಯಾರಾದರೂ ಅಳತೆಗೆ ಬರುವುದಾದರೆ ಹೆಸರು ಕೊಡಿ. ಡಿಸೆಂಬರಿನಲ್ಲಿ ಬೆಳೆ ಕೊಯ್ಲಾದ ಮೇಲೆ ಹೊಲಗಳು ತೆರವಾಗಿರುತ್ತವೆ, ಆಗ ಕಲ್ಲುಗಳು ಸಿಗುತ್ತವೆ.